ನಾಕು ಹೆಜ್ಜಿ ನಡಿ ನೋಡೂಣು

ಉಪ್ಪಿನಬೆಟಗೇರಿಯ ಎರೆಮಣ್ಣು ಮಳೆಗಾಲದಲ್ಲಿ ಇಟ್ಟ ಕಾಲನ್ನು ಬಿಡುವುದಿಲ್ಲ. ಬೇಸಿಗೆಯಲ್ಲಿ ಅದರ ಚಾಳಿಯೇ ಬೇರೆ. ಶ್ರಾವಣದ ರಾಡಿಯಲ್ಲಿ ಎತ್ತು ತುಳಿದ ಗೊರಸಿನ ಗುರುತು ಶಿವರಾತ್ರಿಯ ಹೊತ್ತಿಗೆ ಸುಟ್ಟ ಇಟ್ಟಂಗಿಯಷ್ಟು ಗಟ್ಟಿಯಾಗಿರುತ್ತದೆ. ಅದರ ಮಗ್ಗುಲಲ್ಲೇ ಎರಡು ಬೆರಳು ಇಳಿಯುವಷ್ಟು ಬಿರುಕು. ಕಡಲೆ ರಾಶಿ ಮುಗಿದ ಮೇಲೆ ಹುಡುಗರು ಸಂಜೆ ಕಬಡ್ಡಿ ಆಡುವುದು ಇಂಥ ಬಯಲಲ್ಲಿಯೇ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣವನ್ನಷ್ಟೇ ನೀರು ಹೊಡೆದು ಬಡಿದು ಸಮ ಮಾಡಿಕೊಳ್ಳುತ್ತಾರೆ. ಗೆರೆ ದಾಟಿ ಒಂದು ಹೆಜ್ಜೆ ಆಚೆ ಬಿದ್ದರೆ ಮತ್ತೆ ಗೊರಸಿನ ತಗ್ಗು.

ನಾನು ಆಟ ನೋಡಲೆಂದು ಹೋದವನು. ಆದರೆ ಅಂಕಣದ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದ ಇಬ್ಬರ ಮಾತಿಗೆ ಕಿವಿ ಕೊಟ್ಟು ಅರ್ಧ ಆಟ ಕಳೆದುಕೊಂಡೆ. ಒಬ್ಬರು ಎಪ್ಪತ್ತರ ಹತ್ತಿರದ ಕಾಕಾ. ಒಂದು ಕಾಲಕ್ಕೆ ಸುತ್ತಲಿನ ಊರುಗಳ ಜಾತ್ರೆ ಆಟಗಳಲ್ಲಿ ಎಡ ಕಾರ್ನರಿಗೆ ನಿಂತು ರೈಡರುಗಳ ಕಾಲು ಹಿಡಿದವರು. ಇನ್ನೊಬ್ಬಳು ಅವರ ಓಣಿಯ ಹುಡುಗಿ. ಧಾರವಾಡದಲ್ಲಿ ಫಿಜಿಯೋಥೆರಪಿ ಕಲಿಯುತ್ತಿದ್ದಾಳೆ, ಶನಿವಾರದ ಬಸ್ಸಿಗೆ ಊರಿಗೆ ಬಂದಿದ್ದಳು.

ಹುಡುಗಿ: ಕಾಕಾ, ಆ ನೀಲಿ ಚಡ್ಡಿ ಹುಡುಗನ ಬಲಗಾಲ ನೋಡ್ರಿ. ಹರಡ ಎಷ್ಟ ಬಾತೈತಿ! ಮೊನ್ನೆ ಹೊಳ್ಳಿಸಿಕೊಂಡಾನ, ಇವತ್ತ ರೈಡಿಗೆ ಹೊಂಟಾನ.

ಕಾಕಾ: ಹೋಗ್ಲಿ ಬಿಡ ತಂಗಿ. ಕಾಲ ಹೊಳ್ಳೋದೂ ಒಂದ ಜಡ್ಡೇನ? ನಾವು ಆಡೋ ಮುಂದ ತಿಂಗಳಿಗೊಮ್ಮೆ ಹೊಳ್ಳತಿತ್ತು. ಹುಣಸಿಹಣ್ಣು, ಉಪ್ಪು ಕುದಿಸಿ ಬಿಸಿ ಬಿಸಿ ಪಟ್ಟ ಹಾಕತಿದ್ವಿ. ಮ್ಯಾಲೊಂದು ಗರಗದ ಖಾದಿ ತುಂಡು ಬಿಗಿದ್ರ ಮುಗೀತು, ಮರುದಿನ ಆಟ.

ಹುಡುಗಿ: ತಿಂಗಳಿಗೊಮ್ಮೆ ಹೊಳ್ಳತಿದ್ದದ್ದು ಯಾವ ಕಾಲರಿ?

ಕಾಕಾ: ಎಡಗಾಲ. ಯಾವಾಗಲೂ ಎಡಗಾಲ.

ಹುಡುಗಿ: ಬಲಗಾಲೂ ಅದ ನೆಲದ ಮ್ಯಾಲ ಆಡತಿತ್ತಲ್ರಿ?

ಕಾಕಾ ಉತ್ತರ ಕೊಡುವ ಬದಲು ಎಲೆಯ ಚಂಚಿ ಬಿಚ್ಚಿದರು. ಸುಣ್ಣ ಹಚ್ಚುವಷ್ಟು ಹೊತ್ತು ಅವರಿಗೆ ಬೇಕಿತ್ತು.

ಕಾಕಾ: ಎಡಗಾಲು ಮೊದಲಿಂದ ನಾಜೂಕ ಇತ್ತು.

ಹುಡುಗಿ: ಮೊದಲಿಂದ ಅಲ್ರಿ, ಮೊದಲನೇ ಸಲದಿಂದ. ಒಮ್ಮೆ ಹೊಳ್ಳಿದ ಕಾಲು ಮತ್ತ ಹೊಳ್ಳತೈತಿ. ಉಳುಕಿನ ಬಗ್ಗೆ ದೊಡ್ಡ ದೊಡ್ಡ ಲೆಕ್ಕ ತಗದವರು ಬ್ಯಾರೆ ಏನ ಹೇಳಲಿ, ಇದೊಂದು ಮಾತಿಗೆ ಒಪ್ಪತಾರ. ಮುಂದಿನ ಉಳುಕು ಯಾರಿಗೆ ಅಂತ ಹುಡುಕೋದಾದ್ರ ಹಿಂದಿನ ಉಳುಕು ಯಾರಿಗಾಗಿತ್ತು ಅಂತ ಕೇಳಬೇಕು. ನೀವು ಮಂದಿ ನರ ಹೊಳ್ಳೇತಿ ಅಂತೀರಿ. ನರ ಅಲ್ಲದು. ಎಲುಬಿಗೆ ಎಲುಬು ಕಟ್ಟಿದ ಹುರಿ, ಲಿಗಮೆಂಟು ಅಂತಾರ. ಹರಡಿನ ಹೊರಗಿನ ಮಗ್ಗಲಕ್ಕ ಮೂರು ಅದಾವ, ಮುಂದಿಂದು ಎಲ್ಲಾಕ್ಕಿಂತ ಮೊದಲ ಹರಿತೈತಿ. ಒಳಮಗ್ಗಲದ್ದು ಪಟ್ಟಿಹಂಗ ಅಗಲ, ಗಟ್ಟಿ. ಅದಕ್ಕ ಪಾದ ಹೆಚ್ಚಾಗಿ ಒಳಗ ಹೊಳ್ಳತೈತಿ, ನೋವು ಹೊರಗ ಬರತೈತಿ. ಒಮ್ಮೆ ಜಗ್ಗಿದ ಮಿಣಿ ಮತ್ತ ಮೊದಲಿನ ಅಳತಿಗೆ ಬರತೈತೇನ್ರಿ?

ಕಾಕಾ: ಮಿಣಿ ಸಡ್ಲಾತಂದ್ರ ಕಟ್ಟೋ ಗಂಟು ಬದಲಿ ಮಾಡತೇವಿ. ಇದಕ್ಕ ಏನ ಮಾಡ್ತಿ? ನಾ ಹೇಳತೇನಿ ಕೇಳು. ತಪ್ಪು ಕಾಲಿಂದಲ್ಲ, ನೆಲದ್ದು. ಈ ತಗ್ಗು ನೋಡು. ನಿಮ್ಮ ಪುಸ್ತಕದಾಗ ಎತ್ತಿನ ಗೊರಸು ಬರೀತಾರೇನು? ಒಂದ ಟ್ರ್ಯಾಕ್ಟರ ಗರಸು ತಂದು ಹಾಕಿ, ನೀರು ಬಿಟ್ಟು, ರೂಲು ಹೊಡಸ್ರಿ. ಅರ್ಧ ಉಳುಕು ಅಲ್ಲೇ ಹೋಕ್ಕಾವು.

ಹುಡುಗಿ: ನೆಲದ ಮಾತಿಗೆ ನಾ ಇಲ್ಲ ಅನ್ನಂಗಿಲ್ಲ. ಆದ್ರ ಅರ್ಧ ಅಂತ ನೀವು ಹ್ಯಾಂಗ ಹೇಳತೀರಿ? ಪ್ರೊ ಕಬಡ್ಡಿ 2014ರಿಂದ ಮ್ಯಾಟ್ ಮ್ಯಾಲ ನಡದೈತಿ. ಅಲ್ಲಿ ತಗ್ಗಿಲ್ಲ, ಬಿರುಕಿಲ್ಲ. ಅಲ್ಲಿಯೂ ಕಾಲ ಹಿಡಕೊಂಡು ಹೊರಗ ಹೋಗೋದು ಟಿವಿಯಾಗ ನೋಡತೀರಲ್ಲ?

ಕಾಕಾ: ಮ್ಯಾಟು ಕಾಲ ಹಿಡಿತೈತಿ, ಅದಕ್ಕ. ರಬ್ಬರ ಬೂಟು, ರಬ್ಬರ ನೆಲ. ಮೈ ತಿರಗತೈತಿ, ಪಾದ ತಿರಗಂಗಿಲ್ಲ. ಮಣ್ಣು ಹಂಗಲ್ಲ, ಸ್ವಲ್ಪ ಜಾರತೈತಿ, ಕಾಲನ್ನ ಬಿಟ್ಟಕೊಡತೈತಿ.

ಇದು ಹುಡುಗಿಗೆ ಇಷ್ಟವಾಯಿತೆಂದು ಕಾಣುತ್ತದೆ, ಅವಳು ಎದ್ದು ನಿಂತಳು. ಚಪ್ಪಲಿ ಬಿಟ್ಟು ತುದಿಬೆರಳ ಮೇಲೆ ನಿಂತು ತೋರಿಸಿದ್ದು ಮುಂದಿನ ಮಾತಿಗಾಗಿ.

ಹುಡುಗಿ: ಇಲ್ಲಿ ನೋಡ್ರಿ. ಹರಡಿನ ನಡುವ ಒಂದ ಎಲುಬೈತಿ, ಎರಡು ಕಡೆ ಗ್ವಾಡಿ ಇದ್ದಂಗ ಕಾಲಿನ ಎಲುಬು, ನಡುವ ಬೆಣಿ ಬಡದಂಗ ಅದು ಕುಂತೈತಿ. ಆ ಬೆಣಿ ಮುಂದ ಅಗಲ, ಹಿಂದ ಸಣ್ಣ. ಮೊಣಕಾಲ ಮುಂದ ಬಾಗಿಸಿ ಕುಂತಾಗ ಅಗಲ ಭಾಗ ಗ್ವಾಡಿ ನಡುವ ಬಂದು ಬಿಗಿ ಆಕ್ಕೈತಿ. ಹಿಂಗ ಬೆರಳ ಮ್ಯಾಲ ನಿಂತಾಗ ಸಣ್ಣ ಭಾಗ ಬಂದು ಸಡ್ಲ ಆಕ್ಕೈತಿ. ರೈಡರ ಬೆರಳು ಚಾಚಿ ಮುಟ್ಟಿ, ಹೊಳ್ಳಿ ಜಿಗಿದು ಬರೂ ಮುಂದ ಎದರ ಮ್ಯಾಲ ಇಳಿತಾನ? ಬೆರಳ ಮ್ಯಾಲ. ಕೀಲು ಎಲ್ಲಾಕ್ಕಿಂತ ಸಡ್ಲ ಇದ್ದಾಗ ಎಲ್ಲಾಕ್ಕಿಂತ ಹೆಚ್ಚು ಭಾರ.

ಕಾಕಾ: ಹಂಗಾದ್ರ ನಾವು ಬಚಾವ. ಊಟಕ್ಕೂ ನೆಲ, ಹೊಲದಾಗೂ ಕುಕ್ಕರಗಾಲು, ಹೊರಕಡೆಗೂ ಕುಕ್ಕರಗಾಲು. ಹಿಮ್ಮಡಿ ನೆಲಾ ಬಿಡದಂಗ ತಾಸುಗಟ್ಟಲೆ ಕುಂದರತಿದ್ವಿ. ಈಗಿನ ಹುಡುಗೂರಿಗೆ ಕುರ್ಚಿಯಂಥಾ ಪಾಯಖಾನಿ ಬೇಕು. ಕುಕ್ಕರಗಾಲಲೆ ಕುಂದರು ಅಂದ್ರ ಹಿಮ್ಮಡಿ ಎತ್ತಿ ಹಿಂದಕ ಬೀಳತಾವು!

ಹುಡುಗಿ: ಅದನ್ನ ನಮ್ಮ ಮೇಡಮ್ಮೂ ಹೇಳತಾರ. ಮೀನಖಂಡ ಬಿಗಿ ಇದ್ದವರಿಗೆ ಹರಡು ಪೂರಾ ಬಾಗಂಗಿಲ್ಲ, ಬಿಗಿ ಆಗೋ ಜಾಗಕ್ಕ ಬೆಣಿ ಬರಂಗಿಲ್ಲ. ಗ್ವಾಡಿಗೆ ಮೊಣಕಾಲ ಮುಟ್ಟಿಸಿ ಅಳತಿ ನೋಡತೇವಿ. ನಿಮಗ ಮಾರ್ಕ ಕೊಟ್ಟೆ, ತಗೋರಿ.

ಕಾಕಾ: ಮತ್ತ?

ಹುಡುಗಿ: ಮತ್ತ ನಿಮ್ಮ ಎಡಗಾಲು ಯಾಕ ತಿಂಗಳಿಗೊಮ್ಮೆ ಹೊಳ್ಳತಿತ್ತು? ಕುಕ್ಕರಗಾಲಲೆ ಎರಡೂ ಕಾಲು ಕುಂದರತಿದ್ವಲ್ಲ.

(ಈ ಹುಡುಗಿ ಮುಂದೆ ಯಾವ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರೂ ರೋಗಿಗಳು ಸುಳ್ಳು ಹೇಳುವ ಧೈರ್ಯ ಮಾಡಲಾರರು.)

ಕಾಕಾ: ಆಡಿ ಆಡಿ ಗಟ್ಟಿ ಆದ್ವಿ ನಾವು. ಹೊಳ್ಳಲಿ, ಬೀಳಲಿ, ಕೊನಿಗೆ ಇಪ್ಪತ್ತು ವರ್ಷ ಆಡಿದ್ನೋ ಇಲ್ಲೋ? ನನ್ನ ಜೋಡಿ ಆಡಿದವರನ್ನ ಕೇಳು. ಯಾರೂ ಬೆಲ್ಟ ಕಟ್ಟಲಿಲ್ಲ, ಯಾರೂ ಒಂಟಿಗಾಲಲೆ ನಿಂದರಲಿಲ್ಲ.

ಹುಡುಗಿ: ನಿಮ್ಮ ಜೋಡಿ ಇಪ್ಪತ್ತು ವರ್ಷ ಆಡಿದವರು ಎಷ್ಟ ಮಂದಿ?

ಕಾಕಾ: ನಾಕೈದು.

ಹುಡುಗಿ: ಮೊದಲನೇ ವರ್ಷ ಆಡಾಕ ಬಂದವರು?

ಕಾಕಾ: ಹೆಚ್ಚ ಇದ್ರು. ಒಬ್ಬಾಂವ ಬೆಳಗಾವಿ ಮಿಲ್ಟ್ರಿಗೆ ಹೋದ. ಒಬ್ಬನ ಲಗ್ನ ಆತು... ಅಂವಾ, ಮಾಸ್ತರ ಮಗ, ಅಂವನ ಕಾಲ ಸರಿ ಆಗಲೇ ಇಲ್ಲ ನೋಡು. ಒಂದ ಮಳಿಗಾಲ ನೋಡಿ ಬಿಟ್ಟ.

ಹುಡುಗಿ: ಕಾಲ ಹೋದವರು ಆಟ ಬಿಟ್ರು. ಉಳದವರು ಈ ಕಲ್ಲ ಮ್ಯಾಲ ಕುಂತು ನಾವು ಗಟ್ಟಿ ಇದ್ವಿ ಅಂತ ಹೇಳತಾರ.

ಇದು ಕೊಂಚ ಖಾರವಾಯಿತು. ಕಾಕಾ ಅಂಕಣದ ಕಡೆ ತಿರುಗಿದರು. ಅಲ್ಲಿ ಒಬ್ಬ ಹುಡುಗ ರೈಡರಿನ ಹರಡು ಹಿಡಿದು ಮಲಗಿದ್ದ, ರೈಡರು ಹಿಡಿತದಿಂದ ತಪ್ಪಿಸಿಕೊಳ್ಳಲು ಗಿರಕಿ ಹೊಡೆದು ದೊಪ್ಪನೆ ಬಿದ್ದ. ಕಾಕಾ ಕುಂತಲ್ಲಿಂದಲೇ ಕೂಗಿದರು: ‘ಲೇ, ತಿರಗಬ್ಯಾಡಲೇ! ಗೆರಿ ಕಡೆ ನೆಟ್ಟಗ ಜಗ್ಗು!’

ಹುಡುಗಿ: ಏನಂದ್ರಿ ಈಗ?

ಕಾಕಾ: ಇಷ್ಟ ಹೊತ್ತೂ ಅದನ್ನ ಹೇಳಬೇಕಂತ ಮಾಡಿದ್ದೆ. ನಾ ಕಾರ್ನರ ಆಡಿದಾಂವ. ನೂರಾರು ಮಂದಿ ಹರಡು ಈ ಕೈಯಾಗ ಹಿಡದೇನಿ. ಹಿಡದ ಕಾಲು ಹಿಡದಷ್ಟಕ್ಕ ಮುರಿಯಂಗಿಲ್ಲವಾ. ಹಿಡದ ಮ್ಯಾಲ ರೈಡರ ಮೈ ತಿರಗಸ್ತಾನ. ಪಾದ ನನ್ನ ಕೈಯಾಗ, ಸೊಂಟ ಅಲ್ಲಿ ಆ ಕಡೆ. ಆಗ ಚಟ್ ಅಂತೈತಿ. ಕೈಯಾಗ ಗೊತ್ತಾಕ್ಕೈತಿ ನನಗ. ಒಮ್ಮೊಮ್ಮೆ ನಾನ ಬಿಟ್ಟಬಿಡತಿದ್ದೆ, ಪಾಯಿಂಟ ಹೋದ್ರ ಹೋಗಲಿ ಅಂತ. ಹುಡುಗೂರಿಗೆ ಮೊದಲ ಕಲಿಸಬೇಕಾದ್ದು ಇದು: ಸಿಕ್ಕ ಮ್ಯಾಲ ತಿರಗಬ್ಯಾಡ, ಮೈ ಚೆಲ್ಲಿ ಕೈ ಚಾಚು. 30 ಸೆಕೆಂಡಿನ ರೈಡಿನ್ಯಾಗ ಎಲ್ಲಾ ದುಡುಕಿಂದನ ಆಗತೈತಿ.

ಹುಡುಗಿ: ಇದು ನಮ್ಮ ಪುಸ್ತಕದಾಗಿಲ್ಲ ಕಾಕಾ, ಖರೇನ ಇಲ್ಲ. ಆದ್ರ ಇದರಂಥಾದ್ದ ಒಂದೈತಿ. ನಾರ್ವೇದಾಗ ವಾಲಿಬಾಲ್ ಆಡವರದು, 1990ರ ದಶಕದ ಮಾತು. ನೆಟ್ಟಿನ ನಡುಗೆರಿ ಹತ್ರ ಜಿಗಿದವರು ಎದುರಿನವರ ಪಾದದ ಮ್ಯಾಲ ಇಳದು ಹರಡ ಹೊಳ್ಳಿಸಿಕೊಳ್ಳತಿದ್ರು. ಹ್ಯಾಂಗ ಜಿಗಿಬೇಕು, ಎಲ್ಲಿ ಇಳಿಬೇಕು ಅಂತ ಕಲಿಸಿದ್ರು, ಜೋಡಿ ಹಲಗಿ ಮ್ಯಾಲ ತೂಕ ಹಿಡಿಯೋದೂ ಕಲಿಸಿದ್ರು. ಉಳುಕು ಸುಮಾರು ಅರ್ಧಕ್ಕ ಇಳದ್ವು.

ಕಾಕಾ: ನೋಡಿದೇನು! ನಾ ಅರ್ಧ ಅಂದಿದ್ದೆ.

ಹುಡುಗಿ: ನೀವು ಅಂದದ್ದು ಗರಸಿಗೆ!

ಇಬ್ಬರೂ ನಕ್ಕರು. ನನಗನ್ನಿಸಿದ್ದು, ಕಾಕಾನ ಕೈಯಲ್ಲಿರುವ ಆ ‘ಚಟ್’ ಅನ್ನುವ ತಿಳಿವಳಿಕೆಯನ್ನು ಯಾರಾದರೂ ಬರೆದಿಟ್ಟುಕೊಂಡಿದ್ದಾರೆಯೇ ಎಂಬುದು. ಕಬಡ್ಡಿ 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದ ಪದಕದ ಆಟವಾಗಿದೆ. ಆದರೆ ಹರಡಿನ ಪಾಠವನ್ನೆಲ್ಲ ನಾವು ಇಂದಿಗೂ ಬಾಸ್ಕೆಟ್‌ಬಾಲ್, ಫುಟ್‌ಬಾಲ್, ವಾಲಿಬಾಲ್ ಆಡುವವರಿಂದ ಕಡ ತರುತ್ತೇವೆ. ಎದುರಾಳಿ ಹರಡನ್ನೇ ಗುರಿ ಮಾಡಿ ಹಿಡಿಯುವ ಆಟ ನಮ್ಮದು.

ಕಾಕಾ: ಒಂಟಿಗಾಲಿನ ಮಾತು ಹೇಳು ಈಗ. ಹೋದ ಶನಿವಾರ ಈ ಹುಡುಗೂರನ್ನ ಸಾಲಾಗಿ ಕೊಕ್ಕರೆ ಹಂಗ ನಿಂದರಿಸಿದ್ದಿಯಂತಲ್ಲ.

ಹುಡುಗಿ: ಹೌದ್ರಿ. ಮನ್ಯಾಗಿನ ಕೌದಿ ನಾಕು ಮಡಿಕಿ ಮಾಡಿ ಅದರ ಮ್ಯಾಲ ಒಂದ ಕಾಲಲೆ ನಿಂದರೋದು. ಮೊದಲ ಕಣ್ಣ ತಗದು, ಆಮ್ಯಾಲ ಮುಚ್ಚಿ, ಆಮ್ಯಾಲ ಒಬ್ಬರಿಗೊಬ್ಬರು ಚೆಂಡು ಒಗೆದು ಹಿಡಕೊಂತ. ಹಳೇ ಸೈಕಲ್ ಟ್ಯೂಬು ಪಾದಕ್ಕ ಸಿಗಿಸಿ ಹೊರಗ ಜಗ್ಗೋದು. ಕಟ್ಟಿ ತುದಿಗೆ ನಿಂತು ಹಿಮ್ಮಡಿ ಏರಸೋದು, ಇಳಸೋದು. ಪಾದ ಹೊಳ್ಳೋದು ಕಣ್ಣ ಮಿಟಕಿಸೋ ಅರ್ಧ ಹೊತ್ತಿನ್ಯಾಗ ಮುಗಿದು ಹೋಕ್ಕೈತಿ ಕಾಕಾ. ಹೊಳ್ಳಾಕತ್ತ ಮ್ಯಾಲ ತಡೀತೇನಿ ಅಂದ್ರ ಮಾಂಸಖಂಡಕ್ಕ ಆಗಂಗಿಲ್ಲ, ಸುದ್ದಿ ಮುಟ್ಟೋದ್ರಾಗ ಹುರಿ ಹರದಿರತೈತಿ. ಇಳಿಯೋಕ್ಕಿಂತ ಮೊದಲ ಪಾದಕ್ಕ ತಾ ಎಲ್ಲಿದ್ದೇನಿ ಅಂತ ಗೊತ್ತಿರಬೇಕು. ಉಳುಕಿದ ಹರಡಿಗೆ ಆ ತಿಳಿವಳಿಕಿ ಹೋಗಿರತೈತಿ. ನೋವು ಹೋದ್ರೂ ಅದು ತಾನಾಗಿ ಬರಂಗಿಲ್ಲ.

ಕಾಕಾ: ಫಾಯದೆ ಎಷ್ಟು? ಲೆಕ್ಕದಾಗ ಹೇಳು.

ಹುಡುಗಿ: ಹಾಲೆಂಡಿನಾಗ 522 ಆಟಗಾರರು, ಎಲ್ಲಾರೂ ಆಗಷ್ಟ ಹರಡು ಉಳುಕಿಸಿಕೊಂಡವರು. ಅರ್ಧ ಮಂದಿಗೆ ಎಂಟು ವಾರ ಮನ್ಯಾಗ ಮಾಡೋ ಇಂಥಾ ಕಸರತ್ತು ಕೊಟ್ರು, ಉಳದವರಿಗೆ ಇಲ್ಲ. 2009ರಾಗ ಛಾಪಿಸಿದ್ರು. ಒಂದ ವರ್ಷದಾಗ ಕಸರತ್ತು ಇಲ್ಲದವರೊಳಗ ನೂರಕ್ಕ 33 ಮಂದಿಗೆ ಮತ್ತ ಹೊಳ್ಳಿತು, ಕಸರತ್ತು ಕೊಟ್ಟವರೊಳಗ 22 ಮಂದಿಗೆ.

ಕಾಕಾ: ಅಂದ್ರ ಹನ್ನೊಂದು ಮಂದಿ ಸಲುವಾಗಿ ನೂರ ಮಂದಿ ಎಂಟು ವಾರ ಕೌದಿ ಮ್ಯಾಲ ನಿಂದರಬೇಕು.

ಹುಡುಗಿ: ಬಿತ್ತೋ ಮುಂದ ಕಡಲಿ ಬೀಜಕ್ಕ ಔಷಧ ಹಚ್ಚತೀರಿ. ಎಲ್ಲಾ ಬೀಜಕ್ಕೂ ರೋಗ ಬರತಿತ್ತೇನ್ರಿ?

ಕಾಕಾ: ಬೀಜ ಬ್ಯಾಸರಾ ಮಾಡಿಕೊಳ್ಳಂಗಿಲ್ಲ ತಂಗಿ. ಹುಡುಗ ಮಾಡಿಕೊಳ್ಳತಾನ. ಆ ಹಾಲೆಂಡಿನವರರೆ ಎಲ್ಲಾರೂ ಮಾಡಿದ್ರೇನು?

ಹುಡುಗಿ: ಇಲ್ಲ. ಹೇಳಿದಷ್ಟು ಪೂರಾ ಮಾಡಿದವರು ನಾಕರಾಗ ಒಬ್ಬರೂ ಇಲ್ಲ.

ಕಾಕಾ: ನೀ ಮಾಡಿದೇನು? ಖೊ ಖೊ ಆಡೋ ಮುಂದ ನಿಂದೂ ಹೊಳ್ಳಿತ್ತಲ್ಲ.

ಹುಡುಗಿ: ಮೂರ ಸಲ. ಮೊದಲನೇ ಸಲ ಹತ್ತ ದಿವಸಕ್ಕ ಫೈನಲ್ ಇತ್ತು. ‘ನೋವು ಇಲ್ಲಲ್ಲ, ಆಡು’ ಅಂದ್ರು. ನನಗೂ ಆಡೋದ ಬೇಕಾಗಿತ್ತು, ಅವರನ್ನಷ್ಟ ಯಾಕ ಅನಲಿ. ಕಂಬ ಹಿಡದು ತಿರಗೋ ಮುಂದ ಮತ್ತ ಹೋತು. ಮೂರನೇ ಸಲದ ಮ್ಯಾಲ ಕಾಲೇಜಿಗೆ ಬಂದು ಕಸರತ್ತು ಕಲತೆ. ಮೂರ ವಾರ ಮಾಡಿದೆ.

ಕಾಕಾ: ಎಂಟರಾಗ ಮೂರು!

ಹುಡುಗಿ: ಪರೀಕ್ಷಾ ಬಂದ್ವು.

ಕಾಕಾ: ಹುಡುಗೂರಿಗೆ ರಾಶಿ ಬರತಾವು. ಹತ್ತಿ ಬಿಡಿಸೋದು ಬರತೈತಿ. ಅಕ್ಕನ ಲಗ್ನ ಬರತೈತಿ. ಅದಕ್ಕ ಹೇಳತೇನಿ, ಒಂದ ಬೆಲ್ಟ ಕೊಡಸ್ರಿ, ಕಟ್ಟಿಕೊಂಡು ಆಡಲಿ. ಎದ್ದು ನಿಂದರೋದಿಲ್ಲ, ಕೌದಿ ಇಲ್ಲ.

ಹುಡುಗಿ: ಇದನ್ನ ಹೇಳಬಾರದು ಅಂತ ಮಾಡಿದ್ದೆ, ಹೇಳಿದ್ರ ನೀವು ಬಿಡಂಗಿಲ್ಲ. ಅದ ಹಾಲೆಂಡಿನವರು 2014ರಾಗ ಇನ್ನೊಂದ ಲೆಕ್ಕ ಕೊಟ್ರು. ಒಂದ ಗುಂಪಿಗೆ ಎಂಟು ವಾರ ಕಸರತ್ತು, ಒಂದಕ್ಕ ವರ್ಷಪೂರ್ತಿ ಆಡೋ ಮುಂದ ಕಟ್ಟಾಕ ಬ್ರೇಸು, ಒಂದಕ್ಕ ಎಂಟು ವಾರ ಎರಡೂ. ಕಸರತ್ತಿನವರಿಗೆ ನೂರಕ್ಕ 27 ಮತ್ತ ಹೊಳ್ಳಿದ್ವು. ಎರಡೂ ಮಾಡಿದವರಿಗೆ 19. ಬ್ರೇಸ್ ಕಟ್ಟಿದವರಿಗೆ 15.

ಕಾಕಾ ತೊಡೆ ತಟ್ಟಿದ ಸದ್ದಿಗೆ ಅಂಕಣದ ಹುಡುಗರು ಇತ್ತ ತಿರುಗಿ ನೋಡಿದರು. ಯಾರೋ ಪಾಯಿಂಟು ಗಳಿಸಿದರೆಂದು ತಿಳಿದಿರಬೇಕು.

ಹುಡುಗಿ: ತಡೀರಿ, ಪೂರಾ ಕೇಳ್ರಿ. ಅವರೆಲ್ಲಾ ಬೂಟಿನ್ಯಾಗ ಆಡೋರು. ನಮ್ಮ ಹುಡುಗೂರು ಬರಿಗಾಲು. ಲೇಸು ಕಟ್ಟೋ ಬ್ರೇಸು ಬೂಟಿನೊಳಗ ಕುಂದರತೈತಿ, ಮಣ್ಣಿನ್ಯಾಗ ಬರಿಗಾಲಿಗೆ ಕಟ್ಟಿದ್ರ ಜಾರತೈತಿ. ಗಟ್ಟಿ ಪ್ಲಾಸ್ಟಿಕ್ ಇದ್ದದ್ದು ಕಟ್ಟಿದ್ರ ಕಾಲ ಹಿಡಿಯೋ ನಿಮ್ಮಂಥಾ ಕಾರ್ನರನ ಬೆರಳೇನಾಗಬೇಕು? ಛಲೋ ಬ್ರೇಸಿಗೆ ಸಾವಿರ ರೂಪಾಯಿ ಹತ್ರ ಬೇಕು, ಅದು ಒಂದ ಕಾಲಿಗೆ. ಬಿಳಿ ಟೇಪ್ ಸುತ್ತಿದ್ರ ಅರ್ಧ ತಾಸು ಬೆವರಿದ ಮ್ಯಾಲ ಅರ್ಧ ಬಿಗಿ ಉಳಿಯಂಗಿಲ್ಲ.

ಕಾಕಾ: ಹರಡು ಮುಚ್ಚೋ ಎತ್ತರದ ಬೂಟು?

ಹುಡುಗಿ: ಅಮೆರಿಕಾದಾಗ 1993ರಾಗ 622 ಬಾಸ್ಕೆಟ್‌ಬಾಲ್ ಆಟಗಾರರ ಲೆಕ್ಕ ನೋಡಿದ್ರು. ಎತ್ತರದ್ದಕ್ಕೂ ಗಿಡ್ಡದ್ದಕ್ಕೂ ಫರಕ ಕಾಣಲಿಲ್ಲ. ಅಷ್ಟ.

ಕಾಕಾ: ಹಂಗಾದ್ರ ಬೆಲ್ಟ ಛಲೋ, ಆದ್ರ ನಮಗಲ್ಲ. ಕಸರತ್ತು ಛಲೋ, ಆದ್ರ ಯಾರೂ ಮಾಡಂಗಿಲ್ಲ. ನೆಲ ಸರಿ ಮಾಡ್ರಿ ಅಂದ್ರ ಅದು ಪುಸ್ತಕದಾಗಿಲ್ಲ. ಧಾರವಾಡದಾಗ ಇದನ್ನ ಕಲಸ್ತಾರೇನವಾ?

ಹುಡುಗಿ: ನೀವು ಒಂದ ಕಾಲಲೆ ನಿಂದರ್ರಿ ನೋಡೂಣು. ಎಡಗಾಲಲೆ.

ನಾನು ಊಹಿಸಿದ್ದಕ್ಕಿಂತ ಬೇಗ ಕಾಕಾ ಎದ್ದರು. ಧೋತರ ಎತ್ತಿ ಕಟ್ಟಿ, ಬಲಗಾಲು ಮೇಲೆತ್ತಿದರು. ಎಡ ಹರಡು ಸುಮ್ಮನಿದ್ದಾಗಲೂ ಬಾತಂತೆ ಕಾಣುತ್ತಿತ್ತು. ಒಂದು, ಎರಡು, ಮೂರು, ಕಲ್ಲು ಹಿಡಿದರು. ಬಲಗಾಲ ಮೇಲೆ ಹನ್ನೊಂದರವರೆಗೆ ನಿಂತರು. ಎಪ್ಪತ್ತರ ಪ್ರಾಯಕ್ಕೆ ಕಡಿಮೆಯೇನಲ್ಲ.

ಹುಡುಗಿ: ಮೂರು, ಹನ್ನೊಂದು. ಎಷ್ಟೋ ವರ್ಷ ಆತು ಆಟ ಬಿಟ್ಟು. ನಿಮ್ಮ ಎಡಗಾಲು ಇನ್ನೂ ಮರತಿಲ್ಲ.

ಕಾಕಾ: ಈಗ ನೀ ನಿಂದರು. ಕಣ್ಣ ಮುಚ್ಚಿ.

ಅವಳು ನಿಂತಳು. ಆರಕ್ಕೆ ವಾಲಿದಳು, ಎಂಟಕ್ಕೆ ಕಾಲು ನೆಲಕ್ಕೆ ಬಂತು. ಕಾಕಾ ನಗಲಿಲ್ಲ. ಅದು ನನಗೆ ಹಿಡಿಸಿತು.

ಕಾಕಾ: ಇದನ್ನ ಆಟದಾಗ ಸೇರಿಸು ತಂಗಿ. ಮನ್ಯಾಗ ಮಾಡ್ರಿ ಅಂದ್ರ ಯಾರೂ ಮಾಡಂಗಿಲ್ಲ. ಇಲ್ಲೇ, ಆಟಕ್ಕ ಮೊದಲ, ಪಂದ್ಯ ಕಟ್ಟು. ಯಾರು ಒಂಟಿಗಾಲಲೆ ಕೊನೀತನಕ ನಿಂದರತಾರೋ ಅಂವಗ ಮೊದಲ ರೈಡು. ಗರಡಿಮನ್ಯಾಗ ನಮ್ಮನ್ನ ಬಸಿಗಿ ಹೊಡಸ್ತಿದ್ದದ್ದು ಹಿಂಗ, ಸೋತಾಂವ ಮಣ್ಣು ಹದಾ ಮಾಡಬೇಕು ಅಂತ.

ಹುಡುಗಿ: ಸೋತಾಂವ ಗರಸು ಹೊರಬೇಕು?

ಕಾಕಾ: ಹೂಂ. ಸೋತಾಂವ ಹತ್ತ ಬುಟ್ಟಿ ಗರಸು ಹೊರಬೇಕು.

ಅಷ್ಟರಲ್ಲಿ ಅಂಕಣದಲ್ಲಿ ಗದ್ದಲ. ನೀಲಿ ಚಡ್ಡಿಯ ಹುಡುಗ ಗೆರೆಯಾಚೆ ಬಿದ್ದಿದ್ದ, ಬಲಗಾಲು ಹಿಡಿದುಕೊಂಡು. ಗೊರಸಿನ ತಗ್ಗಿಗೆ ಹೋಗಿ ಬಿದ್ದನೋ, ಮೊನ್ನೆಯ ಕಾಲು ತಾನೇ ಹೋಯಿತೋ ನಾನು ನೋಡಲಿಲ್ಲ. ಮಾತು ಕೇಳುತ್ತಿದ್ದೆ. ಇವರಿಬ್ಬರೂ ಒಮ್ಮೆಲೇ ಎದ್ದು ಹೋದರು. ಕಾಕಾನ ಕೈ ಪಾದ ಜಗ್ಗಲು ಮುಂದಾಗಿತ್ತು. ಹುಡುಗಿ ಆ ಕೈ ಹಿಡಿದು ನಿಲ್ಲಿಸಿದಳು.

ಹುಡುಗಿ: ಜಗ್ಗಬ್ಯಾಡ್ರಿ, ತಿಕ್ಕಬ್ಯಾಡ್ರಿ. ಮೊದಲ ಎಲುಬು ನೋಡೂಣು.

ಅವಳು ಹರಡಿನ ಎರಡೂ ಕಡೆಯ ಎಲುಬಿನ ಹಿಂದಿನ ಅಂಚನ್ನು ಕೆಳಗಿನಿಂದ ನಾಲ್ಕು ಬೆರಳು ಎತ್ತರದವರೆಗೆ ಒತ್ತುತ್ತ ಬಂದಳು. ಆಮೇಲೆ ಪಾದದ ಹೊರ ಅಂಚಿನಲ್ಲಿ ಒಂದು ಕಡೆ, ಒಳ ಅಂಚಿನಲ್ಲಿ ಒಂದು ಕಡೆ. ಹುಡುಗ ಎಲುಬಿಗೆ ಚೀರಲಿಲ್ಲ, ಮುಂದಿನ ಮೆತ್ತನೆ ಜಾಗಕ್ಕೆ ಚೀರಿದ. ‘ಈಗ ಎದ್ದು ನಾಕು ಹೆಜ್ಜಿ ನಡಿ ನೋಡೂಣು’ ಅಂದಳು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಬರೆದಿಟ್ಟ ನಿಯಮವಿದು: ಎಲುಬಿನ ಆ ಜಾಗಗಳಲ್ಲಿ ಒತ್ತಿದಾಗ ನೋವಿದ್ದರೆ, ಇಲ್ಲವೇ ನಾಲ್ಕು ಹೆಜ್ಜೆ ಭಾರ ಹಾಕಿ ನಡೆಯಲು ಬಾರದಿದ್ದರೆ ಎಕ್ಸ್‌ರೇಗೆ ಕರೆದೊಯ್ಯಬೇಕು. ಬಸ್ಸಿಲ್ಲದ ಹೊತ್ತಿನಲ್ಲಿ ಧಾರವಾಡದ ದಾರಿ ಹಿಡಿಯಬೇಕೋ ಬೇಡವೋ ಎಂದು ಹೇಳಲು ಹಳ್ಳಿಗೆ ಇದಕ್ಕಿಂತ ಅಗ್ಗದ ಯಂತ್ರ ಇನ್ನೊಂದಿಲ್ಲ.

ಹುಡುಗ ನಡೆದ. ಒಂದು, ಎರಡು, ಕುಂಟುತ್ತ ಮೂರು, ನಾಲ್ಕು. ನಾಲ್ಕನೆಯ ಹೆಜ್ಜೆಗೆ ತಿರುಗಿ ಅಂಕಣದ ಕಡೆಗೇ ಹೊರಟ. ತಂಡ ಎರಡು ಪಾಯಿಂಟಿನಿಂದ ಹಿಂದಿತ್ತು.

ಹುಡುಗಿ: ಎಲ್ಲಿಗೋ?

ಕಾಕಾ: ನಾ ಆಗಿದ್ರ ಆಡತಿದ್ದೆ.

ಹುಡುಗಿ: ಕಾಕಾ!

ಕಾಕಾ: ಆಡತಿದ್ದೆ ಅಂದೆ, ಆಡು ಅನ್ನಲಿಲ್ಲ. ಲೇ, ಬಾ ಇಲ್ಲಿ. ಕುಂಡರು.

ಹುಡುಗ ಮುಖ ಊದಿಸಿಕೊಂಡು ಇಬ್ಬರ ನಡುವೆ ಕಲ್ಲಿನ ಮೇಲೆ ಕುಳಿತ. ಕಿರಾಣಿ ಅಂಗಡಿಯ ಫ್ರಿಜ್ಜಿನಿಂದ ಯಾರೋ ಐಸ್ ತಂದರು. ಐಸ್ ನೋವಿಗಷ್ಟೇ, ಹರಿದದ್ದನ್ನು ಅದು ಕೂಡಿಸುವುದಿಲ್ಲ ಎಂದು ಹುಡುಗಿ ಹೇಳುತ್ತಿದ್ದಂತೆ, ‘ಹಂಗಾದ್ರ ರಾತ್ರಿ ಹುಣಸಿಹಣ್ಣಿನ ಪಟ್ಟ ಹಾಕಿದ್ರ ಏನ ಲುಕ್ಸಾನ?’ ಎಂದು ಕಾಕಾ ಕೇಳಿದರು. ಮಾತು ಮತ್ತೆ ಶುರುವಾಯಿತು. ಹುಡುಗ ಅದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅಂಕಣದಲ್ಲಿ ಅವನ ಬದಲಿಗೆ ಇಳಿದವನು ಬೆರಳು ಚಾಚಿ ಮುಟ್ಟಿ ಹಿಂದಕ್ಕೆ ಜಿಗಿದ. ಇವನ ಬಲಗಾಲು ಕುಳಿತಲ್ಲೇ ಸಣ್ಣಗೆ ಅದುರಿತು.